ಎರಡೂವರೆ ವರ್ಷದ ಪ್ರೇಕ್ಷಕಿ

1997ರ ಮಾರ್ಚ್ 31ರಂದು ಬಿಬಿಸಿಯ ಎರಡನೇ ವಾಹಿನಿಯಲ್ಲಿ ‘ಟೆಲಿಟಬ್ಬೀಸ್’ ಶುರುವಾದಾಗ ಬ್ರಿಟನ್ನಿನ ಎಷ್ಟೋ ಅಪ್ಪ ಅಮ್ಮಂದಿರು ಕೆರಳಿದರು. ಹೊಟ್ಟೆಯ ಮೇಲೆ ಟಿವಿ ಪರದೆ ಇರುವ, ನಾಲ್ಕು ಬಣ್ಣಗಳ ನಾಲ್ಕು ದಪ್ಪನೆಯ ಜೀವಿಗಳು ಹಸಿರು ದಿಬ್ಬಗಳ ಮೇಲೆ ಓಡಾಡುತ್ತವೆ, ತೊದಲುತ್ತವೆ, ಒಂದನ್ನೊಂದು ಅಪ್ಪಿಕೊಳ್ಳುತ್ತವೆ. ಯಾವುದಾದರೊಂದರ ಹೊಟ್ಟೆಯಲ್ಲಿ ನಿಜವಾದ ಮಕ್ಕಳ ಚಿಕ್ಕ ಚಿತ್ರವೊಂದು ಮೂಡುತ್ತದೆ. ಅದು ಮುಗಿದ ಕೂಡಲೇ ‘ಇನ್ನೊಂದು ಸಲ, ಇನ್ನೊಂದು ಸಲ’ ಎಂದು ಕೂಗುತ್ತವೆ. ಅದೇ ಚಿತ್ರ ಮೊದಲಿನಿಂದ ಕೊನೆಯವರೆಗೆ ಮತ್ತೆ ಬರುತ್ತದೆ. ಮಾತು ಕಲಿಯುವ ವಯಸ್ಸಿನ ಮಕ್ಕಳಿಗೆ ತೊದಲು ಕಲಿಸುತ್ತಿದ್ದಾರೆ, ಇದರಲ್ಲಿ ಪಾಠವೇ ಇಲ್ಲ ಎಂದು ದೂರುಗಳು ಬಂದವು.

ಅದನ್ನು ರೂಪಿಸಿದ ಆನ್ ವುಡ್ ಹಿಂದೆ ಶಾಲೆಯಲ್ಲಿ ಶಿಕ್ಷಕಿಯಾಗಿದ್ದವರು. ಅವರ ಜೊತೆಗಾರ ಆಂಡ್ರ್ಯೂ ಡ್ಯಾವನ್‌ಪೋರ್ಟ್ ಓದಿದ್ದು ಮಾತಿನ ವಿಜ್ಞಾನವನ್ನು. ಒಂದೆರಡು ವರ್ಷದ ಮಗುವಿಗೆ ಒಮ್ಮೆ ಕಂಡದ್ದು ಕಂಡಂತಲ್ಲ; ಅದು ಮತ್ತೆ ಬರುತ್ತದೆ ಎಂದು ಊಹಿಸಿ, ಊಹೆ ನಿಜವಾದಾಗ ಮಾತ್ರ ಅದಕ್ಕೆ ಗೆದ್ದ ಸಂತೋಷ ಎಂಬುದು ಇಬ್ಬರಿಗೂ ಗೊತ್ತಿತ್ತು. ದೂರಿದವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ತಡೆಯಲಾಗದಷ್ಟು ಬೇಸರವಾಗಿತ್ತು. ಆದರೆ ಆ ಬೇಸರ ಮೂವತ್ತೈದು ವರ್ಷದವರದು, ಕಾರ್ಯಕ್ರಮ ಒಂದು ವರ್ಷದವರದು.

ನನ್ನ ಮಗಳಿಗೆ ಈಗ ಎರಡೂವರೆ ವರ್ಷ. ಮೈಸೂರಿನ ನಮ್ಮ ಬಡಾವಣೆಯ ಉದ್ಯಾನದಲ್ಲಿ, ಶಿಶುವಿಹಾರದ ಗೇಟಿನ ಮುಂದೆ, ನೆಂಟರ ಮದುವೆಯ ಪಂಕ್ತಿಯಲ್ಲಿ, ಎಲ್ಲಿ ಹೋದರೂ, ಮಕ್ಕಳು ಟಿವಿಯಲ್ಲಿ ಏನು ನೋಡಬೇಕು ಎಂಬ ವಿಷಯದಲ್ಲಿ ಗಟ್ಟಿಯಾದ ಅಭಿಪ್ರಾಯವಿಲ್ಲದ ತಂದೆತಾಯಿಯನ್ನು ನಾನು ಕಂಡಿಲ್ಲ. ‘ಪೆಪ್ಪಾ ಪಿಗ್’ ನೋಡಿದರೆ ಮಕ್ಕಳು ಎದುರು ಮಾತಾಡುತ್ತಾರೆ. ‘ಛೋಟಾ ಭೀಮ್’ ನೋಡಿದರೆ ಹೊಡೆಯಲು ಬರುತ್ತಾರೆ. ಶಿಶುಗೀತೆಗಳ ‘ಕೋಕೋಮೆಲನ್’ ವಿಷ. ‘ಬ್ಲೂಯಿ’ ಮಾತ್ರ ಪರವಾಗಿಲ್ಲ. ಇವುಗಳಲ್ಲಿ ಕೆಲವು ಮಾತುಗಳನ್ನು ನಾನೂ ಆಡಿದ್ದೇನೆ, ಈಗಲೂ ಆಡುತ್ತೇನೆ. ಆದರೆ ನಮ್ಮ ಕಿವಿಗೆ ಹಿತವಾದದ್ದು ಬೇರೆ, ಮಗುವಿಗೆ ಹಿತವಾದದ್ದು ಬೇರೆ; ಇವೆರಡನ್ನೂ ಒಂದೇ ಎಂದು ನಂಬಿಕೊಂಡು ನಾವು ತೀರ್ಪು ಕೊಡುತ್ತಿದ್ದೇವೆ ಎಂದು ನನಗೆ ದಿನೇ ದಿನೇ ಹೆಚ್ಚು ಅನ್ನಿಸುತ್ತಿದೆ.

ಇದಕ್ಕೆ ‘ಕೈಯೂ’ ಎಂಬ ಕೆನಡಾದ ಕಾರ್ಯಕ್ರಮದ ಕಥೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. ತಲೆಯಲ್ಲಿ ಕೂದಲಿಲ್ಲದ ನಾಲ್ಕು ವರ್ಷದ ಹುಡುಗ, ಅವನ ತಂಗಿ, ಅಪ್ಪ, ಅಮ್ಮ. 1997ರಲ್ಲಿ ಶುರುವಾದ ಈ ಕಾರ್ಯಕ್ರಮವನ್ನು ಉತ್ತರ ಅಮೆರಿಕದ ತಂದೆತಾಯಿಯರು ದ್ವೇಷಿಸಿದಷ್ಟು ಇನ್ನೊಂದನ್ನು ದ್ವೇಷಿಸಿರಲಾರರು. ಹುಡುಗ ಸದಾ ರಾಗ ಎಳೆಯುತ್ತಾನೆ, ಹಟ ಮಾಡುತ್ತಾನೆ, ಆ ಅಪ್ಪ ಅಮ್ಮ ಒಮ್ಮೆಯೂ ಗದರುವುದಿಲ್ಲ ಎಂಬುದು ಅವರ ಸಿಟ್ಟು. ಅಮೆರಿಕದ ಸಾರ್ವಜನಿಕ ವಾಹಿನಿ ಪಿಬಿಎಸ್ 2021ರ ಜನವರಿಯಲ್ಲಿ ಅದನ್ನು ನಿಲ್ಲಿಸುವುದಾಗಿ ಹೇಳಿದಾಗ ಎಷ್ಟೋ ಮನೆಗಳಲ್ಲಿ ಹಬ್ಬದ ಸಂತೋಷ.

ಅದಕ್ಕೆ ಹತ್ತು ವರ್ಷ ಮೊದಲು, 2011ರಲ್ಲಿ, ವರ್ಜೀನಿಯಾ ವಿಶ್ವವಿದ್ಯಾಲಯದ ಆಂಜಲೀನ್ ಲಿಲ್ಲಾರ್ಡ್ ಮತ್ತು ಜೆನಿಫರ್ ಪೀಟರ್ಸನ್ ನಾಲ್ಕು ವರ್ಷದ 60 ಮಕ್ಕಳನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪು ಒಂಬತ್ತು ನಿಮಿಷ ‘ಸ್ಪಾಂಜ್‌ಬಾಬ್’ ಎಂಬ ಚುರುಕಿನ ಕಾರ್ಟೂನ್ ನೋಡಿತು. ಇನ್ನೊಂದು ಗುಂಪು ಅಷ್ಟೇ ಹೊತ್ತು ‘ಕೈಯೂ’ ನೋಡಿತು. ಮೂರನೆಯದು ಕಾಗದದ ಮೇಲೆ ಬಣ್ಣ ಬಳಿಯುತ್ತ ಕುಳಿತಿತ್ತು. ಆಮೇಲೆ ತಿಂಡಿಗಾಗಿ ಕಾಯುವುದು, ಅಂಕೆಗಳನ್ನು ಹಿಂದುಮುಂದಾಗಿ ಹೇಳುವುದು ಮುಂತಾದ ಕೆಲಸಗಳನ್ನು ಕೊಟ್ಟರು. ‘ಸ್ಪಾಂಜ್‌ಬಾಬ್’ ನೋಡಿದ ಮಕ್ಕಳು ಇವುಗಳಲ್ಲಿ ಸ್ಪಷ್ಟವಾಗಿ ಹಿಂದೆ ಬಿದ್ದರು. ‘ಕೈಯೂ’ ನೋಡಿದ ಮಕ್ಕಳಿಗೂ ಬಣ್ಣ ಬಳಿದ ಮಕ್ಕಳಿಗೂ ಅಂಥ ಅಂತರವೇ ಕಾಣಲಿಲ್ಲ. ಇದು ನೋಡಿದ ತಕ್ಷಣದ ಪರಿಣಾಮ ಮಾತ್ರ. ವರ್ಷಗಟ್ಟಲೆ ಏನಾಗುತ್ತದೆ ಎಂಬುದನ್ನು ಈ ಪ್ರಯೋಗ ಅಳೆದಿಲ್ಲ. ಇದರ ಮುಂದುವರಿಕೆಯಾಗಿ ನಡೆಸಿದ ಪ್ರಯೋಗಗಳಲ್ಲಿ ಲಿಲ್ಲಾರ್ಡ್ ಅವರು ದೃಶ್ಯಗಳ ವೇಗಕ್ಕಿಂತಲೂ, ಒಂದರ ಬೆನ್ನಿಗೆ ಒಂದರಂತೆ ಬರುವ ಅಸಾಧ್ಯ ಘಟನೆಗಳೇ ಮಗುವಿನ ಮನಸ್ಸನ್ನು ದಣಿಸುತ್ತವೆ ಎಂಬ ಕಡೆಗೆ ಬಂದರು. ಗೋಡೆಯೊಳಗಿಂದ ನಡೆದುಹೋಗುವುದು, ಇದ್ದದ್ದು ಇನ್ನೇನೋ ಆಗಿಬಿಡುವುದು ನಮಗೆ ತಮಾಷೆ. ಜಗತ್ತು ಹೇಗೆ ನಡೆಯುತ್ತದೆ ಎಂದು ಇನ್ನೂ ಲೆಕ್ಕ ಹಾಕುತ್ತಿರುವ ಮಗುವಿಗೆ ಪ್ರತಿಯೊಂದೂ ಬಿಡಿಸಬೇಕಾದ ಒಗಟು.

ಅಂದರೆ, ದೊಡ್ಡವರನ್ನು ನಗಿಸುವ ಚುರುಕು ಕಾರ್ಯಕ್ರಮ ಮಕ್ಕಳನ್ನು ದಣಿಸಿತು. ದೊಡ್ಡವರು ಕಿವಿ ಮುಚ್ಚಿಕೊಳ್ಳುತ್ತಿದ್ದ, ನೆಲ ಬಿಡದ ಕಾರ್ಯಕ್ರಮ ಅವರನ್ನು ಹೆಚ್ಚುಕಡಿಮೆ ಇದ್ದ ಹಾಗೆಯೇ ಬಿಟ್ಟಿತು. ಬೂಟು ಹಾಕಿಕೊಳ್ಳಲು ಹಟ ಮಾಡುವ ಹುಡುಗ, ಕೊನೆಗೆ ಬೂಟು ಹಾಕಿಕೊಳ್ಳುವುದು: ನಮ್ಮ ಮನೆಯಲ್ಲಿ ದಿನವೂ ನಡೆಯುವ ಇದೇ ಸಂಗತಿ ಪರದೆಯ ಮೇಲೆ ಬಂದರೆ ನಮಗೆ ಸಹಿಸಲಾಗದು. ಮಗುವಿಗೋ, ಅದು ತನ್ನದೇ ದಿನಚರಿ.

ಇನ್ನು ‘ಬ್ಲೂಯಿ’. ನನ್ನ ಅಕ್ಕ ಇರುವುದು ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ. ಜೋ ಬ್ರಮ್ ಅವರು ಈ ನಾಯಿಮರಿ ಕುಟುಂಬದ ಕಥೆಯನ್ನು ಕಟ್ಟಿದ್ದು ಆ ಊರಿನಲ್ಲೇ. 2018ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಾರ್ವಜನಿಕ ವಾಹಿನಿ ಎಬಿಸಿಯಲ್ಲಿ ಅದು ಶುರುವಾಯಿತು. ‘ನಮ್ಮ ಬೀದಿಯ ಮನೆಗಳ ಹಾಗೆಯೇ ಇವೆ ಕಣೇ ಅದರಲ್ಲಿನ ಮನೆಗಳು. ಅದು ಬಂದರೆ ನಿನ್ನ ಭಾವ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ನಿಲ್ಲುತ್ತಾರೆ’ ಎಂದು ಅಕ್ಕ ಹೇಳಿದಾಗ ನಾನೂ ನೋಡಲು ಕುಳಿತೆ. ಏಳು ನಿಮಿಷದ ಒಂದೊಂದು ಕಂತಿನಲ್ಲಿ ಎಷ್ಟು ಅಚ್ಚುಕಟ್ಟು! ಆಟವೇ ಕಥೆ. ಮಕ್ಕಳು ನಿಯಮ ಮಾಡುತ್ತಾರೆ, ಅಪ್ಪ ಅಮ್ಮ ಅದಕ್ಕೆ ಒಪ್ಪಿಕೊಂಡು ಆಡುತ್ತಾರೆ, ಆಟದೊಳಗೆ ಒಂದು ದುಃಖವೋ ಹೊಟ್ಟೆಕಿಚ್ಚೋ ತಾನಾಗಿ ತಲೆಯೆತ್ತಿ ತಾನಾಗಿ ತಣಿಯುತ್ತದೆ. ನನ್ನ ಕಣ್ಣು ಎಷ್ಟೋ ಸಲ ತುಂಬಿ ಬಂದಿದೆ.

ತುಂಬಿದ್ದು ನನ್ನ ಕಣ್ಣು. ಮಗಳು ಅದರಲ್ಲಿ ನೋಡುವುದು ಓಡುವ ನಾಯಿಗಳನ್ನು. ಆ ಕಥೆಗಳ ಸೂಕ್ಷ್ಮ ಐದಾರು ವರ್ಷದ ಮಕ್ಕಳಿಗೆ, ಅದಕ್ಕಿಂತ ಹೆಚ್ಚಾಗಿ ಹೆತ್ತವರಿಗೆ ಹೇಳಿದ್ದು. ಆದರೂ ನಾನು ಅದರ ಪಕ್ಷವೇ. ಏಕೆಂದರೆ ದೊಡ್ಡವರಿಗೂ ಹಿಡಿಸುವ ಕಾರ್ಯಕ್ರಮ ಬಂದಾಗ ದೊಡ್ಡವರು ಕೋಣೆಯಲ್ಲೇ ಉಳಿಯುತ್ತಾರೆ. ಅಕ್ಕನ ಮಗ ಕಂತು ಮುಗಿದ ಮೇಲೆ ಅಪ್ಪನ ಕೈ ಹಿಡಿದು ಅದೇ ಆಟ ಆಡೋಣ ಬಾ ಎಂದು ಎಳೆಯುತ್ತಾನೆ; ಅಪ್ಪನಿಗೂ ಆಟ ಗೊತ್ತಿರುತ್ತದೆ. ಚಿಕ್ಕ ಮಕ್ಕಳ ಜೊತೆ ಕುಳಿತು ನೋಡಿ ಎಂದು ವೈದ್ಯರು ಹೇಳುವುದು ಇದಕ್ಕೇ. ಒಂದು ದೂರು ಮಾತ್ರ ನ್ಯಾಯವಾದದ್ದು ಎಂದು ನನಗೆ ಅನ್ನಿಸುತ್ತದೆ. ಕರೆದಾಗಲೆಲ್ಲ ಆಟಕ್ಕೆ ಬರುವ ಆ ಅಪ್ಪ ಅಮ್ಮನನ್ನು ನೋಡಿ, ಕೆಲಸದಿಂದ ಬಂದು ಕುಕ್ಕರ್ ಇಡಬೇಕಾದ ತಾಯಿಗೆ ತಾನು ಎಲ್ಲಿಯೂ ಸಾಲದವಳು ಎಂಬ ಭಾವನೆ ಬರುವುದು ಸುಳ್ಳಲ್ಲ. ಆಟಕ್ಕೆ ಹೊತ್ತು ಎಲ್ಲಿಂದ ಬಂತು ಎಂಬುದನ್ನು ಏಳು ನಿಮಿಷದಲ್ಲಿ ತೋರಿಸಲು ಆಗುವುದಿಲ್ಲ.

ಮಕ್ಕಳ ಗಮನವನ್ನು ಹಿಡಿದಿಡುವ ವಿದ್ಯೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ‘ಕೋಕೋಮೆಲನ್’ ಕುರಿತ ಭಯದ ಬೇರು ಅಲ್ಲಿದೆ. ಅದರ ಈಗಿನ ಒಡೆತನ ಹೊಂದಿರುವ ಮೂನ್‌ಬಗ್ ಸಂಸ್ಥೆ ಲಂಡನ್ನಿನಲ್ಲಿ ತನ್ನ ಕಾರ್ಯಕ್ರಮಗಳನ್ನು ಹೇಗೆ ಪರೀಕ್ಷಿಸುತ್ತದೆ ಎಂಬುದನ್ನು 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಮಗುವಿನ ಮುಂದೆ ಕಂತನ್ನು ಹಾಕುತ್ತಾರೆ. ಸ್ವಲ್ಪ ದೂರದಲ್ಲಿ ಇನ್ನೊಂದು ಚಿಕ್ಕ ಪರದೆ. ಅದರಲ್ಲಿ ಯಾರೋ ಕಾಫಿ ಬಗ್ಗಿಸುವುದು, ಯಾರೋ ಕೂದಲು ಕತ್ತರಿಸಿಕೊಳ್ಳುವುದು, ಹೀಗೆ ದಿನನಿತ್ಯದ ದೃಶ್ಯಗಳು. ಮಗು ಯಾವ ಕ್ಷಣದಲ್ಲಿ ಕಾರ್ಯಕ್ರಮ ಬಿಟ್ಟು ಆ ಕಡೆ ನೋಡಿತು ಎಂಬುದನ್ನು ಬರೆದುಕೊಳ್ಳುತ್ತಾರೆ. ಇದನ್ನು ಓದಿದಾಗ ನನಗೆ ಮೈ ಉರಿಯಿತು. ಮಗು ಕಾಫಿ ಬಗ್ಗಿಸುವವರ ಕಡೆ ತಿರುಗಿದರೆ ಅದು ಸೋಲು ಎಂಬ ಲೆಕ್ಕವೇ ನನಗೆ ತಲೆಕೆಳಗು ಅನ್ನಿಸುತ್ತದೆ. ಎರಡು ವರ್ಷದವಳು ಕಾಫಿ ಬಗ್ಗಿಸುವುದನ್ನು ನೋಡಬೇಕು. ಅದು ಅವಳ ಕೆಲಸ.

ಆದರೆ ಇದೇ ಉಪಾಯವನ್ನು ಅರ್ಧ ಶತಮಾನದ ಹಿಂದೆ ಬಳಸಿದವರು ‘ಸೆಸಮಿ ಸ್ಟ್ರೀಟ್’ ಬಳಗದವರು ಎಂಬುದನ್ನೂ ಹೇಳದಿದ್ದರೆ ಮಾತು ಅರೆಯಾಗುತ್ತದೆ. 1969ರ ನವೆಂಬರ್ 10ರಂದು ಶುರುವಾದ, ಬಡ ಮಕ್ಕಳಿಗೂ ಶಾಲೆಗೆ ಮೊದಲೇ ಅಕ್ಷರ ಮುಟ್ಟಿಸಬೇಕೆಂದು ಜೋನ್ ಗ್ಯಾಂಜ್ ಕೂನಿ ಕಟ್ಟಿದ ಕಾರ್ಯಕ್ರಮ ಅದು. ಅಲ್ಲಿನ ಸಂಶೋಧಕ ಎಡ್ವರ್ಡ್ ಪಾಮರ್ ಟಿವಿಯ ಪಕ್ಕದಲ್ಲಿ ಏಳೂವರೆ ಸೆಕೆಂಡಿಗೊಮ್ಮೆ ಬದಲಾಗುವ ಸ್ಲೈಡುಗಳನ್ನು ಇಟ್ಟು ಮಕ್ಕಳ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ಗುರುತು ಹಾಕುತ್ತಿದ್ದರು. ಹಾಗಾದರೆ ವ್ಯತ್ಯಾಸ ಎಲ್ಲಿ? ಅವರು ಅಷ್ಟಕ್ಕೇ ನಿಲ್ಲಲಿಲ್ಲ. ನೋಡಿದ ಮಗು ಏನು ಕಲಿಯಿತು ಎಂಬುದನ್ನೂ ಹೊರಗಿನವರಿಂದ ಅಳೆಸಿದರು. ಕಣ್ಣು ನೆಟ್ಟಿದೆ ಎಂಬುದೊಂದೇ ಮಗುವಿಗೆ ಒಳ್ಳೆಯದಾಗುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ. ‘ಎಷ್ಟು ಚೆನ್ನಾಗಿ ಕುಳಿತು ನೋಡುತ್ತದೆ’ ಎಂದು ನಾವು ಮೆಚ್ಚುವುದು ಕೂಡ ಇದೇ ಅರ್ಧ ಲೆಕ್ಕ.

ನನಗೆ ಬಹಳ ಇಷ್ಟವಾದ ಪ್ರಯೋಗ 1996ರಲ್ಲಿ ಶುರುವಾದ ‘ಬ್ಲೂಸ್ ಕ್ಲೂಸ್’ ಎಂಬ ಅಮೆರಿಕದ ಮಕ್ಕಳ ಕಾರ್ಯಕ್ರಮದ್ದು. ಒಂದೇ ಕಂತನ್ನು ಸೋಮವಾರದಿಂದ ಶುಕ್ರವಾರದವರೆಗೆ ದಿನವೂ ತೋರಿಸಿದರು. ನಡೆಸಿಕೊಡುವ ಯುವಕ ಪ್ರಶ್ನೆ ಕೇಳಿ, ನೇರವಾಗಿ ಮಗುವಿನ ಕಡೆ ನೋಡುತ್ತ, ಸುಮ್ಮನೆ ಕಾಯುತ್ತಿದ್ದ. ಟಿವಿಯಲ್ಲಿ ಯಾರೂ ಮಾತಾಡದ ಆ ಹೊತ್ತು ದೊಡ್ಡವರಿಗೆ ಅಸಹನೀಯ. ಮಕ್ಕಳು ಮಾತ್ರ ಮೊದಲ ದಿನ ಸುಮ್ಮನೆ ನೋಡುತ್ತಾರೆ, ದಿನ ಕಳೆದ ಹಾಗೆ ಹೆಚ್ಚು ಹೆಚ್ಚು ಉತ್ತರ ಕೂಗುತ್ತಾರೆ ಎಂಬುದನ್ನು ಸಂಶೋಧಕ ಡೇನಿಯಲ್ ಆಂಡರ್ಸನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದರು. ಮಗುವಿಗಾಗಿ ಕಾಯುವ ಕಾರ್ಯಕ್ರಮ! ನಾನೀಗ ಯಾವುದೇ ಕಂತನ್ನು ಮಗಳಿಗೆ ಹಾಕುವ ಮೊದಲು ನೋಡುವುದು ಇದನ್ನೇ: ಇದರಲ್ಲಿ ಅವಳು ಬಾಯಿ ತೆರೆಯಲು ಎಲ್ಲಾದರೂ ಜಾಗ ಬಿಟ್ಟಿದ್ದಾರೆಯೇ?

ಹೊತ್ತಿನ ಮಿತಿಯ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ. ಎರಡು ವರ್ಷದೊಳಗೆ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎನ್ನುತ್ತದೆ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ; ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಬಹುತೇಕ ಇದೇ. ಊಟದ ಹೊತ್ತಿನಲ್ಲಿ ಮೊಬೈಲ್ ಹಿಡಿಸುವ ತಾಯಂದಿರನ್ನು ಬಯ್ಯುವವರ ಗುಂಪಿಗೆ ನಾನು ಸೇರುವುದಿಲ್ಲ. ಮೂರು ತಲೆಮಾರು ಒಂದೇ ಹಜಾರದಲ್ಲಿದ್ದಾಗ ಚಂದಮಾಮನನ್ನು ತೋರಿಸಲು ಒಬ್ಬರು, ತುತ್ತು ಇಡಲು ಇನ್ನೊಬ್ಬರು ಇದ್ದರು. ಈಗ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ.

ನಮ್ಮ ಈ ಎಲ್ಲ ಅಭಿಪ್ರಾಯಗಳಲ್ಲಿ ದೊಡ್ಡದೊಂದು ಕಂದಕವಿದೆ. ಮಕ್ಕಳ ಕಾರ್ಯಕ್ರಮಗಳಲ್ಲಿ ಯಾವುದು ಒಳ್ಳೆಯದು ಎಂದು ವಾದಿಸುತ್ತೇವೆ. ನಮ್ಮ ಮನೆಗಳಲ್ಲಿ ಮಕ್ಕಳು ಹೆಚ್ಚಾಗಿ ನೋಡುವುದು ಮಕ್ಕಳ ಕಾರ್ಯಕ್ರಮಗಳನ್ನೇ ಅಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಧಾರಾವಾಹಿಗಳು ಶುರುವಾಗುತ್ತವೆ. ಕಪಾಳಕ್ಕೆ ಬಿದ್ದ ಒಂದು ಏಟನ್ನು ಮೂರು ದಿಕ್ಕಿನಿಂದ, ಗುಡುಗಿನ ಸದ್ದಿನೊಂದಿಗೆ ತೋರಿಸುತ್ತಾರೆ. ಅದಾದ ಮೇಲೆ ಸುದ್ದಿ ವಾಹಿನಿಯ ಕೂಗಾಟ. ಮಗು ಅಲ್ಲೇ ನೆಲದ ಮೇಲೆ ಡಬ್ಬಿಗಳನ್ನು ಜೋಡಿಸುತ್ತಿರುತ್ತದೆ. ಅದು ಟಿವಿ ನೋಡುತ್ತಿಲ್ಲ ಎಂದುಕೊಳ್ಳುತ್ತೇವೆ. 2008ರಲ್ಲಿ ಆಂಡರ್ಸನ್ ಅವರ ತಂಡವೇ ಒಂದರಿಂದ ಮೂರು ವರ್ಷದ ಮಕ್ಕಳನ್ನು ಆಟಿಕೆಗಳೊಂದಿಗೆ ಬಿಟ್ಟು, ಹಿನ್ನೆಲೆಯಲ್ಲಿ ದೊಡ್ಡವರ ರಸಪ್ರಶ್ನೆ ಕಾರ್ಯಕ್ರಮ ಹಾಕಿತು. ಮಕ್ಕಳು ಆಗೊಮ್ಮೆ ಈಗೊಮ್ಮೆ ಮಾತ್ರ ಪರದೆಯ ಕಡೆ ನೋಡಿದರು. ಆದರೂ ಅವರ ಆಟ ತುಂಡುತುಂಡಾಯಿತು. ಒಂದು ಆಟಿಕೆಯಲ್ಲಿ ಮುಳುಗುವ ಹೊತ್ತು ಕಡಿಮೆಯಾಯಿತು. ಇದನ್ನು ಅತ್ತೆಯವರಿಗೆ ಹೇಳಿದೆ. ‘ಹಾಗಾದರೆ ಅವಳು ಮಲಗಿದ ಮೇಲೆ ಮೊಬೈಲಿನಲ್ಲಿ ನೋಡಿಕೊಳ್ಳುತ್ತೇನೆ ಬಿಡಮ್ಮ, ಹೇಗೆ ಹಾಕಬೇಕು ತೋರಿಸು’ ಎಂದರು. ಪೆಪ್ಪಾಳ ಬಾಯಿಜೋರಿನ ಬಗ್ಗೆ ನಾನು ಆಡಿದ ಅಷ್ಟೂ ಮಾತುಗಳಿಗಿಂತ ನಮ್ಮ ಮನೆಗೆ ಇದರಿಂದ ಆದ ಉಪಕಾರ ಹೆಚ್ಚು.

ಕನ್ನಡದ ಮಾತಿಗೆ ಬಂದರೆ ನನಗೆ ಸಂಕಟವಾಗುತ್ತದೆ. ದಶಕಗಳ ಕಾಲ ನಮ್ಮಲ್ಲಿ ಡಬ್ಬಿಂಗ್‌ಗೆ ಅಲಿಖಿತ ತಡೆಯಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟಿತು. ಆ ವಾದದಲ್ಲಿ ನಟರ, ತಂತ್ರಜ್ಞರ, ನಿರ್ಮಾಪಕರ ಹಿತದ ಮಾತು ಬಂತು. ಅತಿ ಚಿಕ್ಕ ನೋಡುಗರ ಮಾತನ್ನು ಆಡಿದವರು ಕಡಿಮೆ. ದೊಡ್ಡವರು ಹಿಂದಿಯಲ್ಲೋ ತಮಿಳಿನಲ್ಲೋ ಅರ್ಥ ಮಾಡಿಕೊಂಡಾರು, ಎರಡು ವರ್ಷದವರಿಗೆ ಇರುವುದು ಮನೆಯ ಭಾಷೆ ಒಂದೇ. 2009ರಲ್ಲಿ ಚಿಂಟು ಟಿವಿ ಬಂದಾಗ ಕಾರ್ಟೂನುಗಳು ಕನ್ನಡದಲ್ಲಿ ಮಾತಾಡಿದ್ದು ಸಣ್ಣ ಸಂಗತಿಯಲ್ಲ. ಆದರೆ ಅಂಬೆಗಾಲಿಡುವ, ತಪ್ಪುಹೆಜ್ಜೆಯಿಡುವ ವಯಸ್ಸಿಗೆಂದೇ, ಆ ವಯಸ್ಸನ್ನು ಅಭ್ಯಾಸ ಮಾಡಿ ಕನ್ನಡದಲ್ಲಿ ಕಟ್ಟಿದ್ದು ಏನಿದೆ? ಯೂಟ್ಯೂಬಿನಲ್ಲಿ ಕನ್ನಡ ಶಿಶುಗೀತೆಗಳಿಗೆ ಬರವಿಲ್ಲ. ಹೆಚ್ಚಿನವು ಯಾವುದೋ ಇಂಗ್ಲಿಷ್ ಹಾಡಿನ ಧಾಟಿಗೆ ಕನ್ನಡ ಪದಗಳನ್ನು ತುಂಬಿದಂಥವು. ಉಸಿರು ಬಿಡದೆ ಒಂದಾದ ಮೇಲೊಂದು ಗಂಟೆಗಟ್ಟಲೆ ಓಡುತ್ತವೆ.

ಅಷ್ಟಕ್ಕೂ ಪರದೆಯಿಂದ ಭಾಷೆ ಬರುತ್ತದೆಯೇ? ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪೆಟ್ರೀಷಿಯಾ ಕೂಲ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಕಣ್ಣು ತೆರೆಸುವಂಥದ್ದು. ಒಂಬತ್ತು ತಿಂಗಳ ಅಮೆರಿಕದ ಕೂಸುಗಳ ಜೊತೆ ಚೀನೀ ಮಾತಾಡುವವರು ಕುಳಿತು ಪುಸ್ತಕ ಓದಿದರು, ಆಟಿಕೆ ಹಿಡಿದು ಆಡಿದರು. 12 ಭೇಟಿಗಳಲ್ಲಿ ಆ ಕೂಸುಗಳು ಚೀನೀ ಭಾಷೆಯ ಧ್ವನಿಭೇದವನ್ನು ಗುರುತಿಸತೊಡಗಿದವು. ಅದೇ ಜನ, ಅದೇ ಮಾತು, ವಿಡಿಯೋದಲ್ಲಿ ತೋರಿಸಿದರೆ ಏನೂ ಆಗಲಿಲ್ಲ. 2014ರ ಇನ್ನೊಂದು ಅಧ್ಯಯನದಲ್ಲಿ ಎರಡು, ಎರಡೂವರೆ ವರ್ಷದ ಮಕ್ಕಳು ವಿಡಿಯೋ ಕರೆಯ ಮೂಲಕ ಹೊಸ ಕ್ರಿಯಾಪದಗಳನ್ನು ಕಲಿತರು. ಮೊದಲೇ ಚಿತ್ರೀಕರಿಸಿದ ವಿಡಿಯೋದಿಂದ ಕಲಿಯಲಿಲ್ಲ. ಕರೆಯಲ್ಲಿದ್ದವರು ಮಗುವಿನ ಮುಖ ನೋಡಿ ಮರುಮಾತಾಡುತ್ತಿದ್ದರು, ಅಷ್ಟೇ ವ್ಯತ್ಯಾಸ. ತೀರ್ಥಹಳ್ಳಿಯಿಂದ ನನ್ನ ಅಮ್ಮ ಮೊಬೈಲಿನಲ್ಲಿ ಮುಖವಿಡೀ ತುಂಬಿಕೊಂಡು ‘ಏನು ತಿಂದೆ ಪುಟ್ಟಿ?’ ಎಂದು ಕೇಳಿ ಉತ್ತರಕ್ಕೆ ಕಾಯುವುದನ್ನು ನಾನು ಪರದೆಯ ಹೊತ್ತಿನ ಲೆಕ್ಕಕ್ಕೆ ಸೇರಿಸುವುದಿಲ್ಲ.

ಈ ಕಾರಣಕ್ಕೇ ನಮ್ಮ ಮನೆಯಲ್ಲಿ ಮಾತಿಲ್ಲದ ಕಾರ್ಯಕ್ರಮಗಳಿಗೆ ಮೊದಲ ಮಣೆ. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆ 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಮಾಡಿದ ‘ಮೈಟಿ ಲಿಟಲ್ ಭೀಮ್’ನಲ್ಲಿ ಅಂಬೆಗಾಲಿನ ಭೀಮ ತೊದಲುತ್ತಾನೆ, ನಗುತ್ತಾನೆ; ಸಂಭಾಷಣೆ ಇಲ್ಲ. ಅಂಗಳ, ಹಬ್ಬ, ಸಿಹಿತಿಂಡಿಯ ತಟ್ಟೆ, ಎಲ್ಲವೂ ನಮ್ಮ ನೆಲದ್ದೇ. ಅದು ಬಂದಾಗ ಅತ್ತೆಯವರು ಗೊಂಬೆಯಾಟದ ಭಾಗವತರಂತೆ ಮಾತಿನ ಹೊಣೆ ಹೊರುತ್ತಾರೆ: ‘ನೋಡು, ಮರ ಹತ್ತಿದ. ಬಿದ್ದರೆ ಏನು ಗತಿ? ಅವರಮ್ಮ ಎಲ್ಲಿ?’ ಮಗಳು ‘ಅಮ್ಮ ಒಳಗೆ’ ಎನ್ನುತ್ತಾಳೆ. ಕನ್ನಡದಲ್ಲಿ ಒಂದು ಪದವೂ ಇಲ್ಲದ ಈ ಕಾರ್ಯಕ್ರಮದ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಆಡುವಷ್ಟು ಕನ್ನಡವನ್ನು ಯಾವ ಕನ್ನಡ ಶಿಶುಗೀತೆಯ ವಿಡಿಯೋ ಹೊತ್ತಿನಲ್ಲೂ ನಾವು ಆಡಿಲ್ಲ.

ಹಾಗೆಂದು ಕನ್ನಡದಲ್ಲಿ ಬೇಡ ಎನ್ನುತ್ತಿಲ್ಲ. ಬೇಕು, ತುರ್ತಾಗಿ ಬೇಕು. ಏಳೆಂಟು ನಿಮಿಷ ಸಾಕು. ಯಾರಾದರೂ ಹಲಸಿನ ಹಣ್ಣು ಬಿಡಿಸುವುದನ್ನು ಕೈಗೆ ಎಣ್ಣೆ ಸವರಿಕೊಳ್ಳುವಲ್ಲಿಂದ ತೋಳೆ ಬಾಯಿಗೆ ಹೋಗುವವರೆಗೆ ಅವಸರವಿಲ್ಲದೆ ತೋರಿಸಿ. ರೊಟ್ಟಿ ತಟ್ಟುವ ಸದ್ದು ಕೇಳಿಸಿ. ಸಾರಿಗೆ ಬಸ್ಸು ಊರ ನಿಲ್ದಾಣಕ್ಕೆ ಬಂದು, ನಿಂತು, ಹೊರಡುವುದನ್ನು ತೋರಿಸಿ, ಮರುದಿನ ಅದೇ ಬಸ್ಸನ್ನು ಮತ್ತೆ ತೋರಿಸಿ. ಧ್ವನಿ ಕೊಡಲು ಕಲಬುರಗಿಯ ಅಜ್ಜಿಯೊಬ್ಬರು, ಕುಂದಾಪುರದ ಅಜ್ಜನೊಬ್ಬರು ಬರಲಿ. ಒಂದು ಪ್ರಶ್ನೆ ಕೇಳಿ ಆಮೇಲೆ ಸುಮ್ಮನಿರಲಿ. ಕನ್ನಡ ಚಲನಚಿತ್ರಗಳಿಗೆ ನಮ್ಮ ಸರ್ಕಾರ ವರ್ಷವೂ ಸಹಾಯಧನ ಕೊಡುತ್ತದೆ. ಮೂರು ವರ್ಷದೊಳಗಿನವರಿಗಾಗಿ ಮಾಡುವ ಇಂಥ ಕಿರುಕಂತುಗಳಿಗೂ ಅದರಲ್ಲೊಂದು ಪಾಲು ಇಡಬಹುದು. ಮಾಡುವವರ ಮಧ್ಯೆ ಮಕ್ಕಳ ಮಾತನ್ನು ಬಲ್ಲ ಒಬ್ಬ ತಜ್ಞರು, ಅಂಗನವಾಡಿಯಲ್ಲಿ ವರ್ಷಗಟ್ಟಲೆ ದುಡಿದ ಒಬ್ಬ ಕಾರ್ಯಕರ್ತೆ ಇರಲೇಬೇಕೆಂದು ಷರತ್ತು ಹಾಕಬಹುದು.